ಬೆಸ ಸಂಚಿಕೆಯ ಕ್ಯಾಸ್

ಕ್ಯಾಸಿಮಿರ್ ನೊವಿಟ್ಸ್ಕಿಯ ಮನೆಯಲ್ಲಿ ದೀಪಸ್ತಂಭ ದಂಡಿನ ಕಥೆ ಅರ್ಧವೇ ಇದೆ. ಒಂದು, ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯ ಸಂಚಿಕೆಗಳು ಮಾತ್ರ. ಸಮ ಸಂಖ್ಯೆಯವು ಎರಡು ಬೀದಿ ಆಚೆ, ಕಾರ್ಮೈನ್ ಬೆಲ್ಲೊನ ಮನೆಯ ಅಟ್ಟದಲ್ಲಿ. ಐವತ್ತು ವರ್ಷ ಜತನದಿಂದ ಕೂಡಿಟ್ಟ ಮೇಲೂ ಇಬ್ಬರಲ್ಲಿ ಯಾರ ಹತ್ತಿರವೂ ಪೂರ್ತಿ ಕಥೆ ಇಲ್ಲ. ಅಮೆರಿಕದ ಈರಿ ಊರಿನಲ್ಲಿ ಕಾಮಿಕ್ಸ್ ಓದುವವರಿಗೆಲ್ಲ ಇದು ಗೊತ್ತು. ಗೊತ್ತಿರುವವರೆಲ್ಲ ಒಂದಲ್ಲ ಒಂದು ಸಲ ಇವರನ್ನು ರೇಗಿಸಿಯೂ ಆಗಿದೆ.

ಇದು ಶುರುವಾದದ್ದು ಹುಡುಗರಾಗಿದ್ದಾಗ. ಮೂಲೆಯ ಔಷಧಿ ಅಂಗಡಿಯಲ್ಲಿ ತಿರುಗುವ ತಂತಿ ಸ್ಟ್ಯಾಂಡ್ ಒಂದಿತ್ತು. ಇಬ್ಬರ ಜೇಬನ್ನೂ ಕೊಡವಿದರೆ ತಿಂಗಳಿಗೆ ಒಂದು ಕಾಮಿಕ್ಸಿಗೆ ಸಾಕಾಗುತ್ತಿತ್ತು. ಯಾರ ಮನೆಯಲ್ಲಿಡುವುದು ಎಂದು ಅಂಗಡಿಯ ಮುಂದೆಯೇ ಕೈ ಕೈ ಮಿಲಾಯಿಸಿದರು. ಕಾರ್ಮೈನನ ಅಂಗಿಯ ಗುಂಡಿ ಕಿತ್ತುಹೋಯಿತು, ಕ್ಯಾಸನ ಮೂಗಿನಲ್ಲಿ ರಕ್ತ ಬಂತು. ಆಮೇಲೆ ಕಾರ್ಮೈನನ ಅಜ್ಜಿಯ ಹಿತ್ತಲ ಮೆಟ್ಟಿಲ ಮೇಲೆ, ಒಳಗೆ ಕುದಿಯುತ್ತಿದ್ದ ಟೊಮೇಟೊ ಸಾರಿನ ವಾಸನೆಯ ನಡುವೆ ಕೂತು ಒಪ್ಪಂದ ಮಾಡಿಕೊಂಡರು. ಬೆಸ ಸಂಖ್ಯೆ ಕ್ಯಾಸನದು, ಸಮ ಸಂಖ್ಯೆ ಕಾರ್ಮೈನನದು. ಯಾರದೋ ಅವನೇ ಮೊದಲು ಓದಬೇಕು. ಅವನು ಓದಿ ಮುಗಿಸಿ ಕೊಡುವ ತನಕ ಇನ್ನೊಬ್ಬ ಮುಟ್ಟಬಾರದು, ಕೇಳಲೂಬಾರದು.

ದಂಡಿನಲ್ಲಿ ಐದು ಜನ. ಒಬ್ಬಳು ಗಾಳಿಯನ್ನು ಹಗ್ಗದ ಹಾಗೆ ಹೊಸೆಯುತ್ತಾಳೆ. ಒಬ್ಬ ಕಬ್ಬಿಣವನ್ನು ಹಿಟ್ಟಿನ ಹಾಗೆ ನಾದುತ್ತಾನೆ. ಅವಳಿ ಸೋದರಿಯರಿಬ್ಬರು ಒಬ್ಬರ ಕನಸನ್ನು ಇನ್ನೊಬ್ಬರು ಕಾಣುತ್ತಾರೆ. ಐದನೆಯವನು ದೋಣಿಗಾರ. ಅವನಿಗೆ ಯಾವ ಶಕ್ತಿಯೂ ಇಲ್ಲ, ಎಲ್ಲರನ್ನೂ ಕರೆದುಕೊಂಡು ಹೋಗಿ ತಿರುಗಿ ಮನೆ ಮುಟ್ಟಿಸುವುದೊಂದೇ ಅವನ ಕೆಲಸ. ಲೋಕಕ್ಕೆಲ್ಲ ಮೊದಲ ನಾಲ್ವರು ಇಷ್ಟ. ಇವರಿಬ್ಬರಿಗೆ ಮಾತ್ರ ದೋಣಿಗಾರ. ಕೆರೆಯಂಚಿನ ಊರಿನ ಹುಡುಗರು, ಆ ಕೆರೆಯೋ ಸಮುದ್ರದಷ್ಟು ದೊಡ್ಡದು. ದೋಣಿ ನಡೆಸುವವನ ಬೆಲೆ ಅವರಿಗೆ ಗೊತ್ತಿತ್ತು.

ಹುಡುಗರು ದೊಡ್ಡವರಾದರು. ಕ್ಯಾಸ್ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿದ, ಕಾರ್ಮೈನ್ ತಂದೆಯ ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದ. ಮದುವೆ, ಮಕ್ಕಳು, ಒಬ್ಬರ ತಂದೆಯ ಶವಕ್ಕೆ ಇನ್ನೊಬ್ಬರು ಹೆಗಲು ಕೊಟ್ಟದ್ದು, ಎಲ್ಲ ಆಯಿತು. ಔಷಧಿ ಅಂಗಡಿ ಮುಚ್ಚಿತು. ಕಾಮಿಕ್ಸ್ ಮಾರುವ ಮಾರ್ಲೀನಳ ಅಂಗಡಿ ಬಂತು. ಅಲ್ಲಿ ಗಿರಾಕಿಗಳ ಹೆಸರು ಬರೆದ ಉದ್ದನೆಯ ರಟ್ಟಿನ ಡಬ್ಬಗಳು ಗಲ್ಲಾದ ಹಿಂದೆ ಸಾಲಾಗಿ ಕೂತಿರುತ್ತವೆ. ಪ್ರತಿ ಬುಧವಾರ ಹೊಸ ಮಾಲು ಬಂದಾಗ ಯಾರ ಸಂಚಿಕೆ ಅವರ ಡಬ್ಬ ಸೇರುತ್ತದೆ. ದೀಪಸ್ತಂಭ ದಂಡು ಮಾತ್ರ ಒಂದು ತಿಂಗಳು ಕ್ಯಾಸನ ಡಬ್ಬಕ್ಕೆ, ಮುಂದಿನ ತಿಂಗಳು ಕಾರ್ಮೈನನ ಡಬ್ಬಕ್ಕೆ. ಈಗ ಇಬ್ಬರಿಗೂ ಬೇರೆ ಬೇರೆ ಪ್ರತಿ ಕೊಳ್ಳುವ ತಾಕತ್ತಿದೆ. ಆದರೆ ಹಾಗೆ ಮಾಡೋಣ ಎಂದು ಇಬ್ಬರಲ್ಲಿ ಯಾರೂ ಬಾಯಿ ಬಿಟ್ಟು ಅಂದದ್ದಿಲ್ಲ. ಅಂದಿದ್ದರೆ ಬುಧವಾರಕ್ಕೆ ಏನರ್ಥ ಉಳಿಯುತ್ತಿತ್ತು?

ಇಂಥ ಬುಧವಾರವೊಂದರಲ್ಲಿ ಸುದ್ದಿ ಬಂತು. ದೀಪಸ್ತಂಭ ದಂಡು ಆ ತಿಂಗಳು ಕ್ಯಾಸ್ ಕೊಂಡೊಯ್ದಿದ್ದ ಆರುನೂರ ಹನ್ನೊಂದನೆಯ ಸಂಚಿಕೆಗೆ ನಿಲ್ಲುತ್ತದೆ, ಆಮೇಲೆ ಮತ್ತೆ ಒಂದನೆಯ ಸಂಖ್ಯೆಯಿಂದ ಹೊಸದಾಗಿ ಶುರು. ಹೊಸ ಬರಹಗಾರ, ಹೊಸ ಚಿತ್ರಗಾರ, ಹೊಸ ಉಡುಪು.

"ಮಾರಾಟ ಪಾತಾಳಕ್ಕೆ ಹೋಗಿದೆ, ಇನ್ನೇನು ಮಾಡ್ತಾರೆ," ಎಂದ ನಾರ್ಬರ್ಟ್. ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುವ ಇವನು ಮಾರಾಟದ ಅಂಕಿಗಳನ್ನು ಬಾಯಿಪಾಠ ಮಾಡಿರುತ್ತಾನೆ. "ಒಂದನೇ ನಂಬರ್ ಅಂದ್ರೆ ಮೂರು ಪಟ್ಟು ಹೋಗುತ್ತೆ. ಎರಡನೇದು ಅರ್ಧಕ್ಕೆ ಬೀಳುತ್ತೆ. ಆರನೇದಕ್ಕೆ ಎಲ್ಲಿತ್ತೋ ಅಲ್ಲಿಗೆ. ನೋಡ್ತಾ ಇರಿ."

"ಬೀಳಲಿ ಬಿಡು," ಎಂದ ಕಾರ್ಮೈನ್. "ಬಾಗಿಲು ತೆಗೀದೆ ಜನ ಹೇಗೆ ಒಳಗೆ ಬರ್ತಾರೆ? ಆರುನೂರ ಹನ್ನೆರಡು ಅಂತ ಕಂಡ್ರೆ ಹೊಸಬ ಯಾವನಾದ್ರೂ ಕೈ ಹಾಕ್ತಾನಾ?"

"ಹಾಕೋನು ಹಾಕ್ತಾನೆ. ನಾವು ಹಾಕ್ಲಿಲ್ವಾ?" ಎಂದ ಕ್ಯಾಸ್. "ಆರುನೂರ ಹನ್ನೊಂದು ತಿಂಗಳು ಕಣೋ. ಅಷ್ಟನ್ನೂ ಆಗೇ ಇಲ್ಲ ಅಂತ ಒರೆಸಿ ಹಾಕೋದಾ?"

ಮಾರ್ಲೀನ್ ಡಬ್ಬ ಜೋಡಿಸುತ್ತಲೇ ಅಂದಳು, "ಎರಡು ಜನ ಗಂಡಸರು, ಐವತ್ತು ವರ್ಷ, ತಗೊಳ್ಳೋದು ಒಂದೇ ಒಂದು ಪ್ರತಿ. ಮಾರಾಟ ಬಿತ್ತು ಅಂತ ಅಳೋರೂ ನೀವೇ. ನಿಮ್ಮಂಥೋರು ಇನ್ನು ನಾಲ್ಕು ಜೊತೆ ಇದ್ರೆ ನಾನು ಅಂಗಡಿಗೆ ಬೀಗ ಹಾಕ್ತಿದ್ದೆ."

ಎಲ್ಲರೂ ನಕ್ಕರು. ಕ್ಯಾಸನೂ ನಗಬೇಕಾಗಿತ್ತು. ಆದರೆ ಅಷ್ಟರಲ್ಲಿ ಕಾರ್ಮೈನ್, ಒಳ್ಳೆಯ ಮನಸ್ಸಿನಿಂದಲೇ, "ಒಂದು ಅಂದ್ರೆ ಬೆಸ. ಹೊಸ ಒಂದನೇದು ನಿಂದೇ, ತಗೋ," ಎಂದುಬಿಟ್ಟ.

"ಆರುನೂರ ಹನ್ನೊಂದು ನಂದು. ಅದರ ಮುಂದಿಂದು ನಿಂದು. ಎಣಿಕೆ ಅಂದ್ರೆ ಎಣಿಕೆ. ನನಗ್ಯಾರ ಭಿಕ್ಷೆನೂ ಬೇಡ. ಆ ಒಂದನೇದನ್ನ ನಾನು ಕೈಯಲ್ಲಿ ಮುಟ್ಟಲ್ಲ."

"ನಿನ್ನ ಸಿಟ್ಟು ಕಾಮಿಕ್ಸ್ ಮೇಲೆ ಅಲ್ಲ ಕಣೋ," ಎಂದ ಕಾರ್ಮೈನ್. "ಕಾರ್ಖಾನೆಯವರು ನಿನ್ನನ್ನ ಮನೆಗೆ ಕಳಿಸಿ ಆ ಜಾಗದಲ್ಲಿ ಯಂತ್ರ ಕೂರಿಸಿದ್ರಲ್ಲ, ಅವತ್ತಿಂದ ಹೊಸದು ಏನು ಕಂಡ್ರೂ ನಿನಗೆ ಉರಿ."

ಮಾತು ನಿಜವಾಗಿತ್ತು. ಅದಕ್ಕೇ ಅದು ಎದೆಗೆ ನಾಟಿತು. ಕ್ಯಾಸ್ ಟೋಪಿ ಎತ್ತಿಕೊಂಡು, "ಮಾರ್ಲೀನ್, ನನ್ನ ಡಬ್ಬ ಖಾಲಿ ಮಾಡಿಬಿಡು. ನಾನಿನ್ನು ಈ ಕಡೆ ಬರಲ್ಲ," ಎಂದು ಹೊರಟೇ ಹೋದ. ಕಾರ್ಮೈನ್ ತನಗೆಂದು ತಂದಿಟ್ಟಿದ್ದ ಪೆಪ್ಪರೋನಿ ಮಾಂಸ ತುಂಬಿದ ಬನ್ನನ್ನೂ ಮುಟ್ಟಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮುಂದಿನ ಬುಧವಾರ ಹಲ್ಲು ಗಿಂಜುತ್ತ ಬರುತ್ತಿದ್ದರು. ಕ್ಯಾಸನ ಹಣೆಬರಹವೇ ಬೇರೆ. ಅವನು ಆಡಿದ ಮಾತಿಗೆ ತಪ್ಪಿದವನಲ್ಲ, ಆ ಮಾತು ಎಷ್ಟೇ ಪೆದ್ದಾಗಿದ್ದರೂ. ಹಳಸಿದ ಬ್ರೆಡ್ ಕೊಟ್ಟರೆಂದು ಒಂದು ಬೇಕರಿಯ ಬೀದಿಯಲ್ಲೇ ನಡೆಯುವುದನ್ನು ಬಿಟ್ಟವನು. ಬೇಕರಿಯ ಮಾಲೀಕ ಸತ್ತು, ಅಲ್ಲಿ ಚಪ್ಪಲಿ ಅಂಗಡಿ ಬಂದ ಮೇಲೂ ಸುತ್ತು ಹಾಕಿಕೊಂಡೇ ಹೋಗುತ್ತಾನೆ. ಇಂಥವನಿಗೆ ತನ್ನ ಬಾಯಿಯೇ ಶತ್ರು.

ಚಳಿಗಾಲ ಬಂತು. ಕೆರೆಯ ಮೇಲಿಂದ ಬಂದ ಹಿಮ ಕಿಟಕಿಯ ಅರ್ಧದ ತನಕ ಏರಿತು. ಬುಧವಾರಗಳಂದು ಕ್ಯಾಸ್ ಮನೆಯೊಳಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಸೋರದ ನಲ್ಲಿ ಬಿಚ್ಚಿ ಸೋರುವ ಹಾಗೆ ಮಾಡಿದ. ಹೆಂಡತಿ ಬರ್ನಡೀನ್ ಪಿಯರೋಗಿ ಕಡುಬು ಮಾಡುತ್ತಿದ್ದರೆ ಪಕ್ಕದಲ್ಲಿ ನಿಂತು, ಅಂಚು ಸರಿಯಾಗಿ ಮುಚ್ಚಿಲ್ಲ ಎಂದು ತಪ್ಪು ಹುಡುಕಿದ. "ನಲವತ್ತು ವರ್ಷದಿಂದ ಮುಚ್ತಾ ಇದ್ದೀನಿ, ನಿನ್ನ ಬಾಯಿ ಒಂದನ್ನ ಬಿಟ್ಟು," ಎಂದಳು ಆಕೆ. ಅವನು ನೆಲಮಾಳಿಗೆಗೆ ಇಳಿದು ತನ್ನ ಬೆಸ ಸಂಚಿಕೆಗಳನ್ನು ತೆಗೆದು ಕೂತ. ಏಳನೆಯದರಲ್ಲಿ ದೀಪಸ್ತಂಭಕ್ಕೆ ಬೆಂಕಿ ಬೀಳುತ್ತದೆ. ಒಂಬತ್ತನೆಯದರಲ್ಲಿ ಎಲ್ಲರೂ ಕ್ಷೇಮವಾಗಿದ್ದಾರೆ. ಎಂಟನೆಯದು ಎರಡು ಬೀದಿ ಆಚೆ ಇದೆ. ಹುಡುಗನಾಗಿದ್ದಾಗ ಓದಿದ್ದು ನೆನಪಿತ್ತು, ಆದರೆ ಅದರ ಜೊತೆ ನೆನಪಿಗೆ ಬರುತ್ತಿದ್ದದ್ದು ಬೆಂಕಿಯಲ್ಲ, ಆ ಹಿತ್ತಲ ಮೆಟ್ಟಿಲು, ಪುಟಕ್ಕೆ ಹತ್ತಿದ ಟೊಮೇಟೊ ಕಲೆ, "ಬೇಗ ಓದೋ" ಎನ್ನುವ ಕಾರ್ಮೈನನ ಗೊಗ್ಗರು ದನಿ. ಕಾಮಿಕ್ಸ್ ಇಲ್ಲದೆ ತಾನು ಬದುಕಬಲ್ಲೆ, ಆ ದನಿ ಇಲ್ಲದೆ ಕಷ್ಟ ಎಂದು ಅವನಿಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದರೂ ಎರಡು ಬೀದಿ ದಾಟುವ ಕಾಲು ಅವನಿಗಿರಲಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸದ ಒಂದು ಶುಕ್ರವಾರ, ಚರ್ಚಿನ ಮೀನೂಟದಿಂದ ಬಂದ ಬರ್ನಡೀನ್ ಕೋಟು ಬಿಚ್ಚುವ ಮೊದಲೇ ಹೇಳಿದಳು, "ಕಾರ್ಮೈನ್ ಕಾಲು ಮುರ್ಕೊಂಡಿದ್ದಾನೆ. ಮೊನ್ನೆ ಬುಧವಾರ ಮಾರ್ಲೀನ್ ಅಂಗಡಿ ಮುಂದೆ ಮಂಜುಗಡ್ಡೆ ಮೇಲೆ ಜಾರಿದನಂತೆ. ಪ್ಲಾಸ್ಟರ್ ಹಾಕಿ ಮನೇಲಿ ಮಲಗಿಸಿದ್ದಾರೆ."

ಮರುದಿನ ಬೆಳಿಗ್ಗೆ ಕ್ಯಾಸ್ ಮಾರ್ಲೀನಳ ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

"ನಾನು ನನಗೋಸ್ಕರ ಬಂದಿಲ್ಲ," ಎಂದ ಒಳಗೆ ಕಾಲಿಡದೆ. "ಕಾಯಿಲೆಯವನಿಗೆ ಏನಾದ್ರೂ ಓದೋಕೆ ಕೊಡು."

"ಒಳಗೆ ಬಂದು ಬಾಗಿಲು ಹಾಕಿ, ಚಳಿ ಬರುತ್ತೆ," ಎನ್ನುತ್ತ ಮಾರ್ಲೀನ್ ಗಲ್ಲಾದ ಹಿಂದೆ ಬಗ್ಗಿ ಒಂದು ಉದ್ದನೆಯ ಡಬ್ಬ ಎತ್ತಿ ಮುಂದಿಟ್ಟಳು. ಅದರ ಮೇಲೆ ಅವನದೇ ಹೆಸರಿತ್ತು.

"ಇದನ್ನ ಖಾಲಿ ಮಾಡು ಅಂದಿದ್ದೆ."

"ನೀವು ಅಂದ್ರಿ. ಕಾರ್ಮೈನ್ ಬಿಡಬೇಕಲ್ಲ."

ಡಬ್ಬದಲ್ಲಿ ಹೊಸ ದೀಪಸ್ತಂಭ ದಂಡು. ಒಂದನೆಯದಿಲ್ಲ, ಮೂರನೆಯದಿಲ್ಲ, ಐದನೆಯದಿಲ್ಲ. ಎರಡು, ನಾಲ್ಕು, ಆರು ಮಾತ್ರ. ಒಂದೊಂದೂ ತೆಳು ಪ್ಲಾಸ್ಟಿಕ್ ಚೀಲದಲ್ಲಿ, ಹಿಂದೆ ರಟ್ಟು, ಬಾಯಿಗೆ ಅಂಟು ಹಚ್ಚಿ ಮುಚ್ಚಿದ್ದು. ಎರಡನೆಯದರ ಚೀಲದ ಮೇಲೆ ಕ್ಷೌರಿಕನ ಸೊಟ್ಟ ಅಕ್ಷರದಲ್ಲಿ ಚೀಟಿ ಅಂಟಿಸಿತ್ತು: ೬೧೩. ನಾಲ್ಕನೆಯದರ ಮೇಲೆ ೬೧೫. ಆರನೆಯದರ ಮೇಲೆ ೬೧೭.

ಹೊಸ ಬಾಗಿಲು ಬೇಕೆಂದು ಊರೆಲ್ಲ ವಾದಿಸಿದವನು ಹಳೆಯ ಎಣಿಕೆಯನ್ನೇ ಮುಂದುವರಿಸಿದ್ದ.

"ಇವನ್ನ ಅವನು ಓದಿದ್ದಾನಾ?" ಎಂದು ಕೇಳಿದ ಕ್ಯಾಸ್.

"ಎಲ್ಲಿ ಓದ್ತಾನೆ? ಯಾರದೋ ಅವರೇ ಮೊದಲು ಓದಬೇಕಂತೆ. ಚೀಲ ಬಿಚ್ಚೋಕೂ ಬಿಡಲಿಲ್ಲ. ಚಳಿಗಾಲ ಪೂರ್ತಿ ಈ ಗಲ್ಲಾ ಹತ್ರ ನಿಂತು, ಹೊಸದು ಅದ್ಭುತ, ಕಥೆ ಅಂದ್ರೆ ಇದು ಅಂತ ನಾರ್ಬರ್ಟ್ ಜೊತೆ ಜಗಳ ಆಡಿದಾನೆ. ಓದಿರೋದು ಒಂದು ಬಿಟ್ಟು ಒಂದು. ನಿಮ್ಮ ಪಾಲಿಂದರ ಬಗ್ಗೆ ಯಾರಾದ್ರೂ ಬಾಯಿ ತೆಗೆದ್ರೆ ಕಿವಿ ಮುಚ್ಕೊಂಡು ಹೊರಗೆ ಹೋಗಿ ಹಿಮದಲ್ಲಿ ನಿಲ್ಲೋನು, ಮಾತು ಮುಗಿಯೋ ತನಕ." ಮಾರ್ಲೀನ್ ಬಾಗಿಲಾಚೆಯ ಮಂಜುಗಡ್ಡೆಯ ಕಡೆ ಬೆರಳು ತೋರಿಸಿದಳು. "ಮೊನ್ನೆ ನಾರ್ಬರ್ಟ್ ಆರನೇದರ ಮಾತು ಎತ್ತಿದ. ಅದಕ್ಕೇ ಹೊರಗೆ ಹೋದದ್ದು. ಅಲ್ಲೇ ಜಾರಿದ್ದು."

ಕ್ಯಾಸ್ ಡಬ್ಬದ ಮೇಲೆ ಕೈಯಿಟ್ಟುಕೊಂಡು ನಿಂತ. ಏನಾದರೂ ಕೇಳಬೇಕಲ್ಲ ಎಂದು, "ಮಾರಾಟ ಹೇಗಿದೆ?" ಎಂದ.

"ನಾರ್ಬರ್ಟ್ ಹೇಳಿದ ಹಾಗೇ. ಒಂದನೇದಕ್ಕೆ ಜನ ಮುಗಿಬಿದ್ರು, ಅರ್ಧ ಜನ ಚೀಲ ಬಿಚ್ಚೇ ಇಲ್ಲ. ಈಗ ಎಲ್ಲಿತ್ತೋ ಅಲ್ಲಿಗೆ ಬಂದಿದೆ. ಆದ್ರೆ ಇಬ್ಬರು ಮೂವರು ಹೊಸಬರು ನಿಂತಿದ್ದಾರೆ. ಒಬ್ಬಳು ದೋಣಿಗಾರನ್ನ ಕಂಡ್ರೆ ಪ್ರಾಣ ಬಿಡ್ತಾಳೆ. ಇಬ್ಬರೂ ಗೆದ್ರಿ, ಇಬ್ಬರೂ ಸೋತ್ರಿ. ಇನ್ನು ಹೋಗಿ."

ಕಾರ್ಮೈನ್ ಮುಂದಿನ ಕೋಣೆಯ ಸೋಫಾದ ಮೇಲೆ, ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲೇರಿಸಿ ಮಲಗಿದ್ದ. ಮುಂದಲೆಯಲ್ಲಿ ಎಂದೂ ಉದುರದಿದ್ದ ಕೂದಲು ಈ ಚಳಿಗಾಲದಲ್ಲಿ ತೆಳ್ಳಗಾಗಿತ್ತು. ಡಬ್ಬ ಹಿಡಿದು ಬಂದವನನ್ನು ನೋಡಿ ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ.

"ಎರಡನೇದು ಓದಿದ್ಯಾ?" ಎಂದು ಕೇಳಿದ.

"ಒಂದನೇದು ಓದದೆ ಎರಡನೇದು ಹೇಗೋ ಓದ್ಲಿ?"

"ಅದು ನನ್ನ ಪಾಲಿಂದು. ಆ ಕಪಾಟಲ್ಲಿದೆ, ತಗೋ."

ಕ್ಯಾಸ್ ಕಪಾಟಿನ ಮುಂದೆ ಹೋಗಿ ನಿಂತ. ಕೈ ಚಾಚಿದ, ಹಿಂದಕ್ಕೆ ತೆಗೆದುಕೊಂಡ. ಒಂದನೆಯದನ್ನು ಕೈಯಲ್ಲಿ ಮುಟ್ಟಲ್ಲ ಎಂದು ಊರೆದುರು ಅಂದದ್ದಾಗಿತ್ತು. ಕಾರ್ಮೈನನಿಗೆ ಅದು ಒಂದೇ ಗಳಿಗೆಯಲ್ಲಿ ಗೊತ್ತಾಯಿತು. ಬೈದುಕೊಂಡೇ ಎದ್ದು ಕೂತ, ಊರುಗೋಲಿನ ತುದಿಯಿಂದ ಸಂಚಿಕೆಯನ್ನು ಕಪಾಟಿನಿಂದ ಎಳೆದು ಮಡಿಲಿಗೆ ಬೀಳಿಸಿಕೊಂಡ.

"ಬಾ, ಇಲ್ಲಿ ಕೂತ್ಕೋ. ನಾನು ಹಿಡ್ಕೋತೀನಿ, ನೀನು ನೋಡು. ಮುಟ್ಟಬೇಡ ಮಾರಾಯ, ನಿನ್ನ ಮಾತು ಮುಕ್ಕಾಗುತ್ತೆ."

ಕ್ಯಾಸ್ ಪ್ಲಾಸ್ಟರಿನ ಕಾಲಿಗೆ ತಗಲದ ಹಾಗೆ ಸೋಫಾದ ಅಂಚಿನಲ್ಲಿ ಕೂತ. ಕಾರ್ಮೈನ್ ಪುಟ ತಿರುಗಿಸಿದ. ಕ್ಯಾಸ್ "ಹೂಂ" ಅಂದಾಗ ಮುಂದಿನದು. ಉಡುಪು ಹೊಸದಾಗಿತ್ತು, ಗಾಳಿ ಹೊಸೆಯುವವಳಿಗೆ ಕೂದಲು ಗಿಡ್ಡವಾಗಿತ್ತು, ದೀಪಸ್ತಂಭ ಮಾತ್ರ ಹಾಗೇ ಇತ್ತು. ಕೊನೆಯ ಪುಟದಲ್ಲಿ ಎಲ್ಲರನ್ನೂ ದಡಕ್ಕೆ ಹತ್ತಿಸಿದ ದೋಣಿಗಾರ ದೋಣಿಯ ಜೊತೆ ಮುಳುಗುತ್ತಿದ್ದ. ನೀರಿನ ಮೇಲೆ ಅವನ ಟೋಪಿ ಒಂದೇ.

"ಚೆನ್ನಾಗಿದೆ," ಎಂದ ಕ್ಯಾಸ್.

"ಅದನ್ನ ನಾನು ಹೇಳಿದ್ದೆ." ಕಾರ್ಮೈನ್ ಒಂದನೆಯದನ್ನು ಮುಚ್ಚಿ ಎದೆಯ ಮೇಲಿಟ್ಟುಕೊಂಡ. "ಮೂರನೇದರಲ್ಲಿ ಅವನು ಒಲೆ ಮುಂದೆ ಕಂಬಳಿ ಹೊದ್ದು ಕೂತಿದ್ದಾನೆ. ಯಾರೋ ನೀರಿಂದ ಎತ್ತಿದ್ದಾರೆ. ಎಲ್ಲರನ್ನೂ ಮನೆ ಮುಟ್ಟಿಸೋನು ಅವನು, ಅವನನ್ನ ಎತ್ತಿದ್ದು ಯಾರು? ಚಳಿಗಾಲ ಪೂರ್ತಿ ನನಗೆ ಅದೇ ಯೋಚನೆ. ಬೇಗ ಓದೋ."

ಅದೇ ಗೊಗ್ಗರು ದನಿ. ಕ್ಯಾಸನ ಕಣ್ಣು ತುಂಬಿತು, ಅದನ್ನವನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಆರುನೂರ ಹದಿಮೂರು ಎಂದು ಬರೆದಿದ್ದ ಚೀಲದ ಅಂಟನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದ. ಚೀಟಿ ಹರಿಯದ ಹಾಗೆ ನೋಡಿಕೊಂಡ. ಒಪ್ಪಂದದ ಪ್ರಕಾರ ಇದನ್ನು ಮೊದಲು ಅವನೊಬ್ಬನೇ ಓದಬೇಕು. ಐವತ್ತು ವರ್ಷದಲ್ಲಿ ಒಂದು ಸಲವೂ ಈ ನಿಯಮ ಮುರಿದಿರಲಿಲ್ಲ. ಆಡಿದ ಮಾತಿಗೆ ತಪ್ಪದ ಮನುಷ್ಯ ಸೋಫಾದ ಮೇಲೆ ಇನ್ನಷ್ಟು ಒಳಕ್ಕೆ ಸರಿದು, ಸಂಚಿಕೆಯನ್ನು ಇಬ್ಬರಿಗೂ ಕಾಣುವ ಹಾಗೆ ನಡುವೆ ಹಿಡಿದ.

"ಯಾರು ಎತ್ತಿದ್ರು ಅಂತ ಮೊದಲೇ ನೋಡಿ ಹೇಳಿಬಿಡ್ಲಾ?" ಎಂದ.

"ಬೇಡ," ಎಂದ ಕಾರ್ಮೈನ್. "ಮೊದಲಿಂದ ಓದು."