ಗುರುದೇವಿ ಕೊಟ್ಟ ಉತ್ತತ್ತಿ

ಬುಧವಾರ ಬಂತೆಂದರೆ ಗುರುದೇವಿ ಶಹಾಪುರದಿಂದ ಬಸ್ಸಿನಲ್ಲಿ ಸುರಪುರಕ್ಕೆ ಬಂದು, ತಿಂಥಣಿ ದಾರಿಯ ಹೈಸ್ಕೂಲಿಗೆ ಟಂಟಂ ಹಿಡಿಯುತ್ತಾಳೆ. ಮನಶ್ಶಾಸ್ತ್ರ ಓದಿದವಳು. ಮಕ್ಕಳ ಮನಸ್ಸಿನ ಮಾತು ಕೇಳುವುದು ಅವಳ ಕೆಲಸ. ಇಂಥದೊಂದು ಕೆಲಸ ಇರಬಹುದೆಂದು ಆ ಶಾಲೆಯಲ್ಲಿ ಯಾರೂ ನಂಬಿರಲಿಲ್ಲ. ಮೇಲಿನವರು ಇವಳನ್ನು ತಮ್ಮ ಮೇಲೆ ಕಣ್ಣಿಡಲು ಕಳಿಸಿದ್ದಾರೆಂದು ಹೆಡ್‌ಮಾಸ್ತರ ಶಾಂತಪ್ಪನವರ ಲೆಕ್ಕ. ಬಿಸಿಯೂಟದ ಅಡುಗೆಯ ಮಕ್ತುಂಬಿ ಅವಳನ್ನು ಕಂಡೊಡನೆ ಅಕ್ಕಿ ಮೂಟೆಗೆ ಚಾದರ ಹೊದಿಸುತ್ತಿದ್ದಳು.

“ಖರೇ ಹೇಳ್ರಿ ಬಾಯಾರ, ಬರೇ ಮಾತು ಕೇಳಾಕ ಯಾರರ ಪಗಾರ ಕೊಡ್ತಾರೇನ್ರಿ? ನಮ್ಮ ಅತ್ತಿ ಪುಕಟ ಕೇಳ್ತಾಳ.”

“ಕೇಳಿ ಸುಮ್ಮನ ಇರ್ತಾಳೇನು ನಿಮ್ಮ ಅತ್ತಿ?”

“ಅದೊಂದು ಆಗಂಗಿಲ್ಲ ನೋಡ್ರಿ. ಸಂಜೀ ಅನ್ನೋದ್ರಾಗ ಓಣಿಗೆಲ್ಲಾ ಗೊತ್ತು!”

“ಮತ್ತ? ಸುಮ್ಮನಿರಾಕ ನನಗ ಪಗಾರ.”

ಮಕ್ತುಂಬಿ ನಕ್ಕಳು. ಚಾದರ ಮಾತ್ರ ತೆಗೆಯಲಿಲ್ಲ.

ಒಂಬತ್ತನೆಯ ತರಗತಿಯ ಪರಿಮಳಾಳ ಕಣ್ಣಲ್ಲೂ ಅದೇ ಅನುಮಾನ. ಚುರುಕಾಗಿದ್ದ ಹುಡುಗಿ ಕೆಲವು ತಿಂಗಳಿಂದ ಗೋಡೆಗೆ ಒರಗಿ ಕೂರುತ್ತಿದ್ದಳು. ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಸೋಮಾರಿ ಎಂದರು ಮಾಸ್ತರರು. ಗುರುದೇವಿಯ ಮುಂದೆ ಹಲವು ವಾರ ಮೌನವಾಗಿ ಕೂತಳು. ಕೊನೆಗೊಮ್ಮೆ, “ನಮ್ಮವ್ವಗ ಹೇಳ್ತೀರೇನ್ರಿ?” ಎಂದಳು.

“ನಿನ್ನ ಜೀವಕ್ಕ ಧಕ್ಕಿ ಬರೋ ಮಾತಾದ್ರ ಹೇಳಬೇಕಾಗ್ತದ. ಇಲ್ಲಂದ್ರ ನಿನ್ನ ಕೇಳದ ಹೇಳಂಗಿಲ್ಲ.”

ಆಗ ಮಾತು ಹನಿಹನಿಯಾಗಿ ಬಂತು. ಪರಿಮಳಾ ದಸರೆಯ ಹೊತ್ತಿಗೇ ದೊಡ್ಡವಳಾಗಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಜ್ಯೋತಿ ದೊಡ್ಡವಳಾದಾಗ ಕೂಡ್ರಿಸಿ ಆರತಿ ಮಾಡಿದ್ದರು. ಆರತಿಗೆ ಬಂದ ಸೋದರಮಾವ ಹೆಣ್ಣು ಕೇಳಿಯೇ ಎದ್ದಿದ್ದ. ಜ್ಯೋತಿ ಮತ್ತೆ ಶಾಲೆಗೆ ಹೋಗಲಿಲ್ಲ. ಈಗ ಮದುವೆಗೆ ಸೋದರಮಾವನ ತಮ್ಮನೊಬ್ಬ ಉಳಿದಿದ್ದಾನೆ. ಅದಕ್ಕೇ ಪರಿಮಳಾ ಕಾಲುವೆಯಲ್ಲಿ ಬಟ್ಟೆ ಒಗೆದು, ಹತ್ತಿಕಟ್ಟಿಗೆಯ ಬಣವೆಯ ಹಿಂದೆ ಒಣಗಿಸುತ್ತಿದ್ದಳು. ನಾಯಿ ಬೊಗಳಿದರೂ ಬೆಚ್ಚುತ್ತಿದ್ದಳು. ಊಟ ಸೇರುತ್ತಿರಲಿಲ್ಲ.

“ಅವ್ವಗ ನೀನ ಹೇಳು. ನಾ ಬಾಜೂಕ ಇರ್ತೀನಿ,” ಎಂದಳು ಗುರುದೇವಿ.

“ಇನ್ನೊಂದಿಷ್ಟು ದಿನ ತಡೀರಿ.”

ಹುಡುಗಿಯ ಉಗುರುಗಳು ಬಿಳುಚಿದ್ದವು. ಗುರುದೇವಿ ತನ್ನ ಊಟದ ಡಬ್ಬಿಯಲ್ಲಿದ್ದ ಒಣಕೊಬ್ಬರಿ ಚೂರು, ಒಣಗಿದ ಖರ್ಜೂರದ ಉತ್ತತ್ತಿಗಳನ್ನು ಅವಳ ಕೈಗೆ ಸುರಿದಳು. “ತಿನ್ನು. ಮೈಗೆ ಕಸುವು ಬರ್ತದ.” ಪರಿಮಳಾ ಒಂದು ಚೂರು ತಿಂದು, ಉಳಿದದ್ದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೋದಳು.

ಯೂನಿಫಾರಂ ಒಗೆಯಲು ಝಾಡಿಸಿದಾಗ ಆ ಗಂಟು ತಾಯಿ ತಿಮ್ಮವ್ವನ ಕಾಲ ಮುಂದೆ ಬಿತ್ತು. ಬುಧವಾರದ ಬಾಯಾರು ಕೊಟ್ಟರೆಂದಷ್ಟೇ ಪರಿಮಳಾ ಹೇಳಿದಳು. ಈ ಕಡೆ ದೊಡ್ಡವಳಾದ ಹುಡುಗಿಗೆ ಬಂಧುಗಳು ಮೊದಲು ಒಯ್ಯುವುದೇ ಕೊಬ್ಬರಿ, ಉತ್ತತ್ತಿ. ಬೇರೆಬೇರೆಯಾಗಿ ಅವು ತಿನಿಸು. ಕೂಡಿ ಬಂದರೆ ಸುದ್ದಿ. ಬಾಯಿ ಬಿಗಿಹಿಡಿದಿದ್ದ ಗುರುದೇವಿಯ ಕೈ ಎಲ್ಲವನ್ನೂ ಹೇಳಿಬಿಟ್ಟಿತ್ತು.

ಮುಂದಿನ ಬುಧವಾರ ತಿಮ್ಮವ್ವ ಮಗಳನ್ನು ಮುಂದಿಟ್ಟುಕೊಂಡು ಬಂದು, ಮೇಜಿನ ಮೇಲೆ ಗಂಟು ಬಿಚ್ಚಿದಳು.

“ಇವನ್ನ ಯಾವ ಹುಡುಗಿಗೆ ಕೊಡ್ತಾರಂತ ನಿಮಗ ಗೊತ್ತಿಲ್ಲೇನ್ರಿ? ಈ ಕಡೆಯವರ ಅದೀರಲ್ಲ?”

ಪರಿಮಳಾಳ ಮುಖ ಇಳಿದುಹೋಯಿತು. “ನೀವ ಹೇಳಿದ್ರಿ,” ಎಂದಳು ಗುರುದೇವಿಗೆ.

“ಆಕಿ ಏನ್ ಹೇಳ್ತಾಳ!” ತಿಮ್ಮವ್ವನೇ ಸಿಡಿದಳು. “ಹೇಳಿದ್ರ ನಾ ಹಿಂಗ ಗಂಟು ಹಿಡಕೊಂಡು ಬರ್ತಿದ್ನೇನು? ಹಡದಾಕಿಗೆ ಒಂದು ಮಾತು ಹೇಳಲಿಲ್ಲ ನೀ. ಬಸ್ಸಿಳದು ಬಂದಾಕಿ ನಿನಗ ಹತ್ತರದಾಕಿ ಆದಳು.”

“ತಪ್ಪು ನಂದದ ಯವ್ವಾ. ಕೊಡೋ ಮುಂದ ನನಗ ಹೊಳೀಲಿಲ್ಲ,” ಎಂದಳು ಗುರುದೇವಿ. ಮುಂದಿನದನ್ನು ನೀನೇ ಹೇಳು ಎಂಬಂತೆ ಪರಿಮಳಾಳತ್ತ ನೋಡಿದಳು.

ಹುಡುಗಿ ತಾಯಿಯ ಸೆರಗಿನ ಅಂಚು ಹಿಡಿದಳು. “ನನ್ನ ಕೂಡ್ರಸಬ್ಯಾಡವ್ವ. ಕೂಡ್ರಿಸಿದ್ರ ಮಾಮಾ ಬರ್ತಾನ. ನಾ ಸಾಲಿಗೆ ಹೋಗ್ಬೇಕು.”

ತಿಮ್ಮವ್ವ ಬಾಗಿಲಾಚೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು.

“ಯಾರಾರಿಗೆ ಗೊತ್ತದ ಇದು?”

“ನಮ್ಮ ಮೂರು ಮಂದಿಗೆ. ಆಕಿಗೆ ತಲಿ ತಿರಗತದ, ರಕ್ತ ಕಡಿಮಿ ಇರಬೇಕು. ದವಾಖಾನಿಗೆ ತೋರಸ್ರಿ.”

“ತೋರಸ್ತೀನಿ. ಕೊಬ್ಬರಿ, ಉತ್ತತ್ತಿ ತಿನಸಾಕ ಡಾಕ್ಟರ್ ಹೇಳ್ಯಾರಂದ್ರ ನಮ್ಮತ್ತಿನೂ ಬಾಯಿ ಮುಚ್ಚತಾಳ.” ಗುರುದೇವಿಯನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ನಿಮ್ಮನ್ನ ನಾ ನಂಬಿಲ್ಲ ಮತ್ತ. ಆದ್ರ ಹತ್ತನೇದು ಮುಗಿಯೋ ತನಕ ನಾನೂ ಬಾಯಿ ಬಿಡಂಗಿಲ್ಲ.”

“ಮುಗದ ಮ್ಯಾಲ?”

“ಆಗಿಂದು ಆಗ.” ಮಗಳ ಬೆನ್ನಿಗೆ ಕೈಯಿಟ್ಟು ಮೆಲ್ಲನೆ ನೂಕಿದಳು. “ನಡಿ, ಕ್ಲಾಸಿಗೆ ಹೋಗು.”

ಪರಿಮಳಾ ಹೋದಳು. ತಿಮ್ಮವ್ವ ಮಾತ್ರ ಮನೆಗೆ ಹೋಗಲಿಲ್ಲ. ಗುರುದೇವಿಯ ಕೋಣೆಯ ಎದುರಿನ ಪಡಸಾಲೆಯಲ್ಲಿ ತಲೆ ಮೇಲೆ ಸೆರಗು ಎಳೆದುಕೊಂಡು, ಒಳಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನೋಡುತ್ತ ಕೂತಳು. ಶಾಂತಪ್ಪನವರು ಬಂದರು.

“ಏನ್ ಬೇಕಾಗಿತ್ತವಾ?”

“ಏನಿಲ್ರಿ ಸರ್. ಬಿಸಲ ಭಾಳ ಅದ. ನೆಳ್ಳಿಗೆ ಕುಂತೀನಿ.”

ಶಾಂತಪ್ಪನವರು ಮೋಡ ಮುಸುಕಿದ ಆಕಾಶವನ್ನೊಮ್ಮೆ, ತಿಮ್ಮವ್ವನನ್ನೊಮ್ಮೆ ನೋಡಿ ಒಳಗೆ ಹೋದರು.