ಹಳೇ ಬಾಗಿಲಲ್ಲಿ ಕೂತ ಖಾಸಿಂ ಸಾಬರು

ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ ಬದಲಿಸಿದಾಗ ಖಾಸಿಂ ಸಾಬರು ಸಾಮಾನನ್ನೆಲ್ಲ ಹೊಸ ಮನೆಗೆ ಸಾಗಿಸಿ, ತಾವು ಮಾತ್ರ ಹಳೆಯ ಖಾಲಿ ಮನೆಯ ಬಾಗಿಲಲ್ಲಿ ಎರಡು ದಿನ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಾಲಿನವನು, ಪೋಸ್ಟಿನವನು, ಸಿಲಿಂಡರಿನವನು ಬಂದಂತೆಲ್ಲ, "ಮುಂದಿನ ಓಣಿ, ಹಸಿರು ಬಾಗ್ಲಾ, ಅಲ್ಲಿಗೆ ಹೋಗ್ರಿ" ಎಂದು ಕಳಿಸುತ್ತಿದ್ದರು. ಒಂದು ಚೀಟಿ ಅಂಟಿಸಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ಕೇಳಿದೆ. "ಓದಾಕ ಬರದವ್ರು ಬಂದ್ರ ಏನ್ ಮಾಡ್ಬೇಕಮ್ಮ?" ಎಂದರು.

ನಮ್ಮ ಕಚೇರಿಯಲ್ಲೂ ಅವರ ಕೆಲಸ ಹೆಚ್ಚುಕಡಿಮೆ ಅದೇ ಆಗಿತ್ತು. ಗಣಿಯ ಅಬ್ಬರದ ವರ್ಷಗಳವು. ಬಳ್ಳಾರಿಯಲ್ಲಿ ಒಣಹಾಕಿದ ಬಟ್ಟೆ, ಹಪ್ಪಳ ಎಲ್ಲವೂ ಕೆಂಪು. ಲಾರಿ ಮಾಲೀಕರಿಗೆ ಅವರ ಯಾವ ಲಾರಿ ಎಲ್ಲಿದೆ ಎಂದು ತೋರಿಸುವ ತಂತ್ರಾಂಶ ಮಾಡಿ ಮಾರುವ ಐದು ಜನರ ಕಂಪನಿ ನಮ್ಮದು. ಪ್ರೋಗ್ರಾಂ ಬರೆಯುವವಳು ನಾನು. ಅದನ್ನು ಪರೀಕ್ಷಿಸಲು, ಗಿರಾಕಿಗಳಿಗೆ ನಡೆಸಿಕೊಡಲು ದೂರದ ಯಾವುದೋ ದೇಶದಲ್ಲಿ ಸರ್ವರ್ ಎಂಬ ಕಂಪ್ಯೂಟರನ್ನು ಬಾಡಿಗೆಗೆ ಹಿಡಿದು, ಅದಕ್ಕೊಂದು ಹೆಸರು ಕೊಟ್ಟು, ಆ ಹೆಸರು ಟೈಪ್ ಮಾಡಿದರೆ ಅಲ್ಲಿಗೇ ಹೋಗುವಂತೆ ಮಾಡುವವರು ಖಾಸಿಂ ಸಾಬರು. ಮೊದಲು ಟೆಲಿಫೋನ್ ಕಂಬ ಹತ್ತುತ್ತಿದ್ದವರು, ಐವತ್ತರ ಹತ್ತಿರ ಇದನ್ನು ತಾವಾಗಿಯೇ ಕಲಿತಿದ್ದರು. ಕ್ಲೌಡ್ ಎಂಬ ಮಾತು ಆಗಷ್ಟೇ ನಮ್ಮ ಕಿವಿಗೆ ಬಿದ್ದಿತ್ತು. "ಈ ಬಿಸ್ಲೂರಾಗ ಮೋಡದಾಗ ಮಿಷನ್ ಐತಿ ಅಂದ್ರ ಯಾರು ನಂಬ್ತಾರ್ರೀ" ಎಂದು ನಗುತ್ತಿದ್ದರು. ಸರ್ವರ್‌ಗಳಿಗೆ ಅವರು ಇಡುತ್ತಿದ್ದದ್ದು ಸುತ್ತಲಿನ ಊರುಗಳ ಹೆಸರು: ಮೋಕ, ಸಿರಿಗೇರಿ, ಕುರುಗೋಡು.

"ಮನುಷ್ಯಾಗ ಹೆಸರು ನೆನಪಿರತೈತಿ, ಮಿಷನ್ನಿಗೆ ನಂಬರ್" ಎಂದು ಅವರು ನನಗೆ, ಹೆಸರು ಕೊಟ್ಟರೆ ನಂಬರು ಹುಡುಕಿಕೊಡುವ ಡಿಎನ್ಎಸ್ ಎಂಬ ವ್ಯವಸ್ಥೆಯ ಪಾಠ ಹೇಳಿದ್ದರು. ಯಾವ ಹೆಸರಿಗೆ ಯಾವ ನಂಬರು ಎಂದು ಒಮ್ಮೆ ಕೇಳಿಕೊಂಡ ಕಂಪ್ಯೂಟರು ಅದನ್ನು ಇಂತಿಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಸರ್ವರ್ ಬದಲಿಸುವ ಹಿಂದಿನ ದಿನವೇ ಅವರು ಆ ಹೊತ್ತನ್ನು ಐದು ನಿಮಿಷಕ್ಕೆ ಇಳಿಸುತ್ತಿದ್ದರು. ಬದಲಿಸಿದ ಮೇಲೂ ಹಳೆಯದನ್ನು ಎರಡು ದಿನ ಉಳಿಸುತ್ತಿದ್ದರು. "ಮರ್ಯಾಕ ಟೈಮ್ ಕೊಡ್ಬೇಕಮ್ಮ" ಎನ್ನುವರು. ಇದೇನು ಮುದುಕರ ನಿಧಾನವೋ ಎಂದು ನನಗೆ ಸಿಟ್ಟು ಬರುತ್ತಿತ್ತು.

ಅವರು ರಜೆ ಹಾಕಿದ ಒಂದು ದಿನ ನಾನು ಜಾಣತನ ತೋರಿಸಲು ಹೋಗಿ, ಆ ಹೊತ್ತನ್ನು ಇಳಿಸದೆಯೇ ಕುರುಗೋಡಿನ ಹೆಸರನ್ನು ಹೊಸ ಸರ್ವರಿಗೆ ತಿರುಗಿಸಿ, ಹಳೆಯದನ್ನು ಅದೇ ನಿಮಿಷ ಮುಚ್ಚಿಬಿಟ್ಟೆ. ಮರುದಿನ ಬೆಳಿಗ್ಗೆ ಸಿರುಗುಪ್ಪದ ಲಾರಿ ಮಾಲೀಕರೊಬ್ಬರಿಗೆ ಅದನ್ನೇ ತೋರಿಸಬೇಕಿತ್ತು. ಈ ಗಿರಾಕಿ ಕೈತಪ್ಪಿದರೆ ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳಲಾಗದು ಎಂದು ಕಂಪನಿಯ ಯಜಮಾನರು ಮೊದಲೇ ಹೇಳಿದ್ದರು. ನನ್ನ ಸಂಬಳದಲ್ಲೇ ಮನೆ ನಡೆಯುತ್ತಿತ್ತು.

ಯಜಮಾನರು, ಖಾಸಿಂ ಸಾಬರು, ನಾನು ಮೂವರೂ ಸಿರುಗುಪ್ಪಕ್ಕೆ ಹೋದೆವು; ಅಲ್ಲಿ ಮಾಲೀಕರ ಕಂಪ್ಯೂಟರಿನಲ್ಲಿ ಪುಟ ತೆರೆಯಲೇ ಇಲ್ಲ. ಹಿಂದಿನ ದಿನ ಮಾಲೀಕರು ಒಮ್ಮೆ ತೆರೆದು ನೋಡಿದ್ದಾಗ ಕೇಳಿಕೊಂಡ ಹಳೆಯ ನಂಬರನ್ನೇ ಅದು ಹಿಡಿದು ಕೂತಿತ್ತು, ಆ ನಂಬರಿನಲ್ಲಿ ಈಗ ಯಾರೂ ಇರಲಿಲ್ಲ. "ಏನಮ್ಮ, ನಮ್ಮ ಲಾರಿ ಹುಡುಕಾಕ ಬಂದವ್ರು ನಿಮ್ಮದನ್ನ ನೀವು ಹುಡುಕಾಕ ಹತ್ತೀರಿ" ಎಂದರು ಮಾಲೀಕರು. ಯಜಮಾನರು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಖಾಸಿಂ ಸಾಬರು, "ತಪ್ಪು ನಂದ್ರೀ. ನಿನ್ನಿ ಮನಿಯಿಂದನ ಹಳೇ ಬಾಗ್ಲಾ ನಾನ ಲಗೂ ಮುಚ್ಚಿಬಿಟ್ಟೀನಿ" ಎಂದರು.

ಆಮೇಲೆ ಕನ್ನಡಕ ಏರಿಸಿಕೊಂಡು ಆ ಕಂಪ್ಯೂಟರಿನೊಳಗಿನ ಒಂದು ಫೈಲು ತೆರೆದು, ಕುರುಗೋಡಿನ ಹೆಸರನ್ನೂ ಹೊಸ ನಂಬರನ್ನೂ ಒಂದು ಸಾಲಿನಲ್ಲಿ ಬರೆದರು. "ಇನ್ನ ಇದು ಯಾರ್ನೂ ಕೇಳಂಗಿಲ್ಲ, ಸೀದಾ ಹೋಗತೈತಿ." ಅದರ ಮೇಲೆ ಹ್ಯಾಶ್ (#) ಗುರುತು ಹಾಕಿ ಇನ್ನೊಂದು ಸಾಲು ಸೇರಿಸಿದರು. ಮೊದಲಿಗೆ ಹ್ಯಾಶ್ ಇರುವ ಸಾಲನ್ನು ಕಂಪ್ಯೂಟರು ಓದುವುದಿಲ್ಲ, ಅದು ಮನುಷ್ಯರಿಗೆ. ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದದ್ದು: "ಇದು ಸದ್ಯಕ್ಕ ಮಾತ್ರ. ಆಮ್ಯಾಲೆ ಅಳಿಸ್ರಿ. ಖಾಸಿಂ." ಪುಟ ತೆರೆಯಿತು. ಲಾರಿಗಳು ಚುಕ್ಕೆಗಳಾಗಿ ಸಾಲುಗಟ್ಟಿ ನಿಂತವು. ಗಿರಾಕಿ ಉಳಿದರು, ನಾನೂ ಉಳಿದೆ.

ವಾಪಸು ಬಸ್ಸಿನಲ್ಲಿ ಅಳು ಬಂತು. "ಅಳಬ್ಯಾಡಮ್ಮ. ನಾನು ಮೋಕದ ಲೈನ್ ಬಿಚ್ಚಾಕ ಹೋಗಿ ಸಿರಿಗೇರಿದು ಬಿಚ್ಚಿದವ ಅದೀನಿ. ಒಂದಿನ ಪೂರಾ ಊರಿಗೆ ಫೋನಿಲ್ಲ" ಎಂದು ಖಾಸಿಂ ಸಾಬರು ಕಡಲೆಕಾಯಿ ಪೊಟ್ಟಣ ನನ್ನ ಕೈಗಿಟ್ಟರು. ತಪ್ಪು ಯಾರದೆಂದು ಯಜಮಾನರಿಗೆ ಅವರು ಕೊನೆಯವರೆಗೂ ಹೇಳಲಿಲ್ಲ.

ಗಣಿ ನಿಂತಿತು, ಲಾರಿಗಳು ನಿಂತವು, ಕಂಪನಿಯೂ ಮುಚ್ಚಿತು. ಉಳಿದ ನಾಲ್ಕಾರು ಗಿರಾಕಿಗಳನ್ನು ನಾನೊಬ್ಬಳೇ ನೋಡಿಕೊಂಡೆ. ಕೆಲವು ವರ್ಷಗಳ ಮೇಲೆ ಖಾಸಿಂ ಸಾಬರು ನಿದ್ದೆಯಲ್ಲೇ ಹೋದರಂತೆ. ನನಗೆ ತಿಳಿದದ್ದು ಹದಿನೈದು ದಿನ ತಡವಾಗಿ. ಪಕ್ಕದ ಓಣಿಗೆ ಹೋಗುವುದನ್ನೂ ಊರಿಗೆಲ್ಲ ಹೇಳಿದ್ದ ಮನುಷ್ಯ ಇದೊಂದನ್ನು ಯಾರಿಗೂ ಹೇಳಲಿಲ್ಲ. ನನಗೆ ಅವರ ಮೇಲೆ ಕೋಪ ಬಂತು, ಈಗಲೂ ಇದೆ.

ಮುಂದಿನ ತಿಂಗಳು ಕುರುಗೋಡು ಸರ್ವರನ್ನು ಬದಲಿಸಬೇಕಾಯಿತು. ಹಿಂದಿನ ದಿನವೇ ನೆನಪಿನ ಹೊತ್ತು ಇಳಿಸಿದೆ, ಹಳೆಯದನ್ನು ಎರಡು ದಿನ ಉಳಿಸಿದೆ, ಅವರು ಮಾಡುತ್ತಿದ್ದಂತೆಯೇ. ಆದರೂ ಹಳೆಯದನ್ನು ಮುಚ್ಚಿದ ಮೇಲೆ ಸಿರುಗುಪ್ಪದಿಂದ ಫೋನು ಬಂತು. ಈಗ ಭತ್ತ ಸಾಗಿಸುತ್ತಿದ್ದ ಅದೇ ಮಾಲೀಕರು, ಅದೇ ಕಂಪ್ಯೂಟರು. ಪುಟ ತೆರೆಯುತ್ತಿಲ್ಲ.

ಬಸ್ಸು ಹತ್ತಿ ಹೋಗಿ ಆ ಫೈಲು ತೆರೆದೆ. ಅಳಿಸಲು ನಾವಿಬ್ಬರೂ ಮರೆತಿದ್ದ ಸಾಲು ಅಲ್ಲೇ ಇತ್ತು. ಅಷ್ಟು ವರ್ಷವೂ ಅದೇ ಈ ಕಂಪ್ಯೂಟರಿಗೆ ದಾರಿ ತೋರಿಸಿತ್ತು, ಈಗಲೂ ಮುಚ್ಚಿದ ಸರ್ವರಿನ ನಂಬರಿಗೇ ಕಳಿಸುತ್ತಿತ್ತು. ಮೇಲೆ ಅವರ ಮಾತು, ಅವರ ಹೆಸರು. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಕಂಪ್ಯೂಟರು ಓದದಂತೆ ನಂಬರಿದ್ದ ಸಾಲಿನ ಮೊದಲಿಗೂ ಒಂದು ಹ್ಯಾಶ್ ಗುರುತು ಹಾಕಿ ಫೈಲು ಮುಚ್ಚಿದೆ. ಪುಟ ತೆರೆಯಿತು.

"ಹಳೇದೇನರ ಉಳ್ಕೊಂಡಿತ್ತೇನಮ್ಮ? ಅಳಿಸಿದ್ರೇನು?" ಎಂದರು ಮಾಲೀಕರು.

ಹೂಂ ಎಂದೆ.