ಟಣ್ ಟಣ್ ಮಾವ

ನನ್ನ ಹೆಂಡತಿಯ ಅಪ್ಪನಿಗೆ ಬೀದಿಯವರೆಲ್ಲ ಇಟ್ಟ ಹೆಸರು 'ಟಣ್ ಟಣ್ ಮಾವ'. ಮೂವತ್ತು ವರ್ಷದಿಂದ ಪಿಕಪ್ಪಿನಲ್ಲಿ ಜನರ ಬೀರು, ಮಂಚ ಸಾಗಿಸುತ್ತಿದ್ದಾರೆ. ಹೊರಡುವ ಮೊದಲು ಗಾಡಿಗೆ ಒಂದು ಸುತ್ತು ಹಾಕಿ, ಸ್ಪ್ಯಾನರಿನಿಂದ ಚಕ್ರದ ಒಂದೊಂದು ನಟ್ಟನ್ನೂ ತಟ್ಟಿ ಕಿವಿಗೊಡಲೇಬೇಕು. ಬಿಗಿಯಾಗಿದ್ದರೆ ಟಣ್ ಅನ್ನುತ್ತದೆ, ಸಡಿಲವಾಗಿದ್ದರೆ ಟಪ್ ಅನ್ನುತ್ತದೆ. ನನಗೋ ಮೂಗಿನ ತುದಿಯಲ್ಲೇ ಕೋಪ. "ಏನ್ ಡಾಕ್ಟ್ರೇ, ರೋಗಿ ಬದುಕ್ತಾನಾ?" ಅಂತ ಕಿಚಾಯಿಸುತ್ತಿದ್ದೆ.

ಹೆಂಡತಿಗೆ ಹೆರಿಗೆ ನೋವು ಶುರುವಾದ ಬೆಳಿಗ್ಗೆಯೂ ಅವರು ಸ್ಪ್ಯಾನರ್ ಹಿಡಿದೇ ಬಂದರು. ಪಿಕಪ್ಪಿನ ಸ್ಟೇರಿಂಗ್ ಹಿಡಿದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ ನಾನು ಹಾರನ್ ಒತ್ತಿದೆ, ಕಿರುಚಾಡಿದೆ. ಅವರು ಜಗ್ಗಲಿಲ್ಲ. ಟಣ್, ಟಣ್, ಟಣ್. ಎಡಗಡೆಯ ಹಿಂದಿನ ಚಕ್ರ ಟಪ್ ಅಂತು.

ನಾನು ಹಾರನ್ನಿನಿಂದ ಕೈ ತೆಗೆದೆ. ಹಿಂದಿನ ದಿನ ಪಂಕ್ಚರ್ ಆದ ಆ ಚಕ್ರ ಬದಲಿಸಿದವನು ನಾನೇ. ನಟ್ಟುಗಳನ್ನು ಬರೀ ಕೈಯಲ್ಲಿ ತಿರುಗಿಸಿ ಜಾಕ್ ಇಳಿಸಿದ್ದೆ. ಬಿಗಿ ಮಾಡುವಷ್ಟರಲ್ಲಿ ಊಟಕ್ಕೆ ಕರೆದರು, ಎದ್ದು ಹೋದವನು ಮರೆತೇಬಿಟ್ಟಿದ್ದೆ.

"ಇನ್ನೂ ಮುಗೀಲಿಲ್ವಾ ಅಪ್ಪಾ?" ಹೆಂಡತಿ ನರಳುತ್ತಲೇ ರೇಗಿದಳು.

ಮಾವ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಆಮೇಲೆ ಮಂಡಿಯೂರಿ ಐದೂ ನಟ್ಟು ಬಿಗಿ ಮಾಡುತ್ತಾ, "ಏನ್ಮಾಡ್ಲಮ್ಮ, ನಿಮ್ಮಪ್ಪನ ಹಳೇ ಚಟ" ಅಂದರು.

ನಮ್ಮ ಮಗುವಿಗೆ ಈಗ ನಾಲ್ಕು ವರ್ಷ. ಅವತ್ತು ತಡಮಾಡಿದ್ದಕ್ಕೆ ಹೆಂಡತಿ ಈಗಲೂ ಅಪ್ಪನನ್ನು ಬೈಯುತ್ತಾಳೆ. ಮಾವ ತಲೆ ತಗ್ಗಿಸಿ ಬೈಸಿಕೊಳ್ಳುತ್ತಾರೆ, ಅಪ್ಪಿತಪ್ಪಿಯೂ ನನ್ನ ಕಡೆ ನೋಡುವುದಿಲ್ಲ. ನಾನು ದಿನಾ ಬೆಳಿಗ್ಗೆ ಸ್ಪ್ಯಾನರ್ ಒರೆಸಿ, ಎರಡೂ ಕೈಯಲ್ಲಿ ಅವರಿಗೆ ಕೊಡುತ್ತೇನೆ.